ಸುಯಿಲೆಗೆ ಆಧಾರ

ನಿಘಂಟಿನ ಎರಡನೆಯ ಸಂಪುಟದ ಒಂಬೈನೂರ ಹನ್ನೆರಡನೆಯ ಪುಟದಲ್ಲಿ, ಎಡಗಡೆಯ ಅಂಕಣದ ಕೆಳತುದಿಯಲ್ಲಿ, 'ಸುಯಿಲೆ' ಎಂಬ ಪದವಿತ್ತು. ಅರ್ಥ: ನಸುಕಿನಲ್ಲಿ, ಗಾಳಿಯಿಲ್ಲದೆಯೂ ಕೊಳದ ನೀರಿನ ಮೇಲೆ ತಾನಾಗಿ ಏಳುವ ಸಣ್ಣ ಅಲೆ. ಅದರ ಹಿಂದಿನ, ಮುಂದಿನ ಪದಗಳಿಗೆಲ್ಲ ಇಂಥ ಕಾವ್ಯ, ಇಷ್ಟನೆಯ ಪದ್ಯ ಎಂದು ಆಧಾರ ಕೊಟ್ಟಿತ್ತು. ಇದಕ್ಕೆ ಮಾತ್ರ 'ಪ್ರಾಚೀನ' ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. ಒಂಬತ್ತು ವರ್ಷ ಈ ಕೊರತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಘಂಟು ಕೊಳ್ಳುವವರು ಬಹಳ, ಓದುವವರು ಕಡಿಮೆ. ಆ ಶುಕ್ರವಾರ ಬೆಳಗ್ಗೆ ಹತ್ತೂವರೆಗೆ, ಓದಿದವನೊಬ್ಬ ಎಂಟು ವರ್ಷದ ಮಗಳ ಕೈ ಹಿಡಿದುಕೊಂಡು ನಿಘಂಟು ಕಚೇರಿಯ ಮೆಟ್ಟಿಲು ಹತ್ತಿ ಬಂದು, 'ಸ' ಅಕ್ಷರ ಯಾರ ಹತ್ತಿರ ಇದೆ ಎಂದು ಕೇಳಿದ.

'ಸ' ಅಕ್ಷರ ಚೀಟಪ್ಪನ ಹತ್ತಿರ ಇತ್ತು. ಚೀಟಪ್ಪ ಎಂಬುದು ಕಚೇರಿಯವರು ಇಟ್ಟ ಹೆಸರು. ನಿಘಂಟಿನ ಕೆಲಸದಲ್ಲಿ ಒಂದೊಂದು ಪದಕ್ಕೂ ಒಂದೊಂದು ಚೀಟಿ. ಅವನ ಜೇಬಿನಲ್ಲಿ ಚೀಟಿ, ಊಟದ ಡಬ್ಬಿಯ ಮುಚ್ಚಳದಲ್ಲಿ ಚೀಟಿ, ಛತ್ರಿ ಬಿಚ್ಚಿದರೆ ತಲೆಯ ಮೇಲೆ ಚೀಟಿ. ಒಮ್ಮೆ ಹೆಂಡತಿ ಬರೆದುಕೊಟ್ಟ ಸಾಮಾನಿನ ಪಟ್ಟಿಯನ್ನು 'ಸ'ದ ಪೆಟ್ಟಿಗೆಗೆ ಹಾಕಿ, ಸಾಸಿವೆಗೂ ಸೋಪಿಗೂ ಅರ್ಥ ಬರೆದಿಟ್ಟು ಬರಿಗೈಯಲ್ಲಿ ಮನೆಗೆ ಹೋಗಿದ್ದ.

ಇಷ್ಟು ಶ್ರದ್ಧೆಯಿದ್ದರೂ ಒಂಬತ್ತು ವರ್ಷದಿಂದ ಅವನದು ತಾತ್ಕಾಲಿಕ ನೌಕರಿ. ಸಂಪಾದಕರು ಪ್ರತಿ ವರ್ಷವೂ "ಮುಂದಿನ ವರ್ಷ ನೋಡೋಣ" ಎನ್ನುತ್ತಿದ್ದರು. ಈ ಬೆಳಗ್ಗೆ ಮಾತ್ರ, ಯಾವುದೋ ಕೆಲಸಕ್ಕೆ ಹೊರಗೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿದ್ದರು: "ನಿನ್ನ ಕಾಯಂ ಆದೇಶ ಟೈಪಾಗಿದೆ ಕಣಯ್ಯಾ. ಸಂಜೆ ಬಂದು ಸಹಿ ಹಾಕ್ತೀನಿ. ಅಲ್ಲೀವರೆಗೆ ಕಚೇರಿ ನಿನ್ನ ಜವಾಬ್ದಾರಿ. ಏನೂ ಎಡವಟ್ಟು ಮಾಡ್ಕೋಬೇಡ."

ಚೀಟಪ್ಪ ಆ ಕ್ಷಣದಿಂದ ಉಸಿರನ್ನೂ ಅಳೆದು ಬಿಡುತ್ತಿದ್ದ. ಅಂಥ ಹೊತ್ತಿನಲ್ಲೇ ಈ ಅಪ್ಪ ಮಗಳು ಬಂದು ಅವನ ಮೇಜಿನ ಮುಂದೆ ನಿಂತರು.

"ಸುಯಿಲೆ ಅನ್ನೋ ಪದದ ಬಗ್ಗೆ ಕೇಳೋಕೆ ಬಂದೆ" ಎಂದ ಅಪ್ಪ. ತೆಳ್ಳಗಿನ ಮನುಷ್ಯ, ಮಾತು ಇನ್ನೂ ತೆಳ್ಳಗೆ. "ಇವಳ ಹೆಸರು ಅದೇ. ನಿಮ್ಮ ನಿಘಂಟು ನೋಡಿಯೇ ಇಟ್ಟಿದ್ದು."

ಚೀಟಪ್ಪನ ಕೈಯಲ್ಲಿದ್ದ ಚೀಟಿ ನೆಲಕ್ಕೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಯಾಕೆಂದರೆ ಜಗತ್ತಿನಲ್ಲಿ ಸುಯಿಲೆ ಎಂಬ ಪದವೇ ಇರಲಿಲ್ಲ.

ಇದು ಕಚೇರಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದ್ದ ಸಂಗತಿ. ನಿಘಂಟಿಗೆ ಕಳ್ಳರ ಕಾಟ ಹೆಚ್ಚು. ಒಬ್ಬರು ಇಪ್ಪತ್ತು ವರ್ಷ ಬೆವರು ಸುರಿಸಿ ಮಾಡಿದ್ದನ್ನು ಇನ್ನೊಬ್ಬರು ಎರಡು ವರ್ಷದಲ್ಲಿ ನಕಲು ಮಾಡಿ ಹೊಸ ರಟ್ಟು ಹಾಕುತ್ತಾರೆ. ಕೇಳಿದರೆ, ಪದಗಳೇನು ನಿಮ್ಮಪ್ಪನ ಆಸ್ತಿಯೇ ಎನ್ನುತ್ತಾರೆ. ಅದಕ್ಕೇ ಸಂಪಾದಕರು ಒಂದು ಉಪಾಯ ಹೂಡಿದ್ದರು. ಎಲ್ಲೂ ಇಲ್ಲದ ಒಂದು ಪದವನ್ನು ಹುಟ್ಟಿಸಿ ನಿಘಂಟಿನ ನಡುವೆ ಕೂರಿಸುವುದು. ಆ ಪದ ಇನ್ನೊಬ್ಬರ ನಿಘಂಟಿನಲ್ಲೂ ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಇದಕ್ಕೆ ಅವರು ಇಟ್ಟ ಹೆಸರು ಬೋನು. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಚೀಟಪ್ಪನನ್ನು ಒಳಗೆ ಕರೆದು, ಬಾಗಿಲು ಹಾಕಿ, "ಇಲ್ಲದ ಪದ ಒಂದು ತಾ. ಈ ವಿಷಯ ಹೊರಗೆ ಹೋದರೆ ನೀನೂ ಹೊರಗೆ ಹೋಗ್ತೀಯ" ಎಂದಿದ್ದರು.

ಚೀಟಪ್ಪ ಕಣ್ಣು ಮುಚ್ಚಿ ಮೂರು ಪೆಟ್ಟಿಗೆಗಳಿಂದ ಮೂರು ಚೀಟಿ ಎತ್ತಿ, ಒಂದೊಂದರಿಂದ ಒಂದೊಂದು ಅಕ್ಷರ ಕಿತ್ತು ಜೋಡಿಸಿದ್ದ. ಪದ ಹುಟ್ಟಿದ್ದು ಹಾಗೆ. ಅರ್ಥ ಮಾತ್ರ ಹಾಗೆ ಹುಟ್ಟಿದ್ದಲ್ಲ. ಚಿಕ್ಕವನಿದ್ದಾಗ ಒಂದು ನಸುಕಿನಲ್ಲಿ ಕೊಳದ ದಡದಲ್ಲಿ ನಿಂತು ಅವನು ಅಂಥದೊಂದು ಅಲೆಯನ್ನು ನಿಜವಾಗಿ ಕಂಡಿದ್ದ. ಮನೆಗೆ ಓಡಿ ಹೋಗಿ ಹೇಳಿದರೆ ಯಾರೂ ನಂಬಿರಲಿಲ್ಲ. ಎಂಬತ್ತು ಸಾವಿರ ಪದಗಳ ನಿಘಂಟಿನಲ್ಲಿ ತನ್ನದು ಎನ್ನಬಹುದಾದ್ದು ಅದೊಂದೇ ಎಂದು ಅವನಿಗೆ ಗುಟ್ಟಾಗಿ ಬಹಳ ಹೆಮ್ಮೆಯಿತ್ತು. ಈಗ ಆ ಪದ ಎರಡು ಜಡೆ ಹಾಕಿಕೊಂಡು, ಮುಂದಿನ ಹಲ್ಲೊಂದು ಬಿದ್ದು, ಎದುರಿಗೆ ನಿಂತಿತ್ತು.

"ಶಾಲೆಯಲ್ಲಿ ಎಲ್ಲರೂ ತಮ್ಮ ಹೆಸರು ಎಲ್ಲಿಂದ ಬಂತು ಅಂತ ಹೇಳಬೇಕಂತೆ" ಎಂದ ಅಪ್ಪ. "ಇವಳ ಟೀಚರು ಹತ್ತು ಪುಸ್ತಕ ಹುಡುಕಿದರಂತೆ. ಇಂಥ ಪದವೇ ಇಲ್ಲ, ನಿಮ್ಮಪ್ಪ ಎಲ್ಲಿಂದಲೋ ಹೆಕ್ಕಿಕೊಂಡು ಬಂದಿದಾರೆ ಅಂದುಬಿಟ್ಟರು. ಮಕ್ಕಳು ಬಿಡ್ತಾವಾ? ಇವಳನ್ನ 'ಇಲ್ಲದವಳು' ಅಂತ ಕರೀತಾರೆ."

"ನಂಗೆ ಬೇರೆ ಹೆಸರು ಇಡ್ತೀನಿ ಅಂತಾರೆ ಅಪ್ಪ" ಎಂದಳು ಹುಡುಗಿ. "ನಂಗೆ ಬೇಡ. ಮಾಮ, ಈ ಪದ ನಿಜವಾಗ್ಲೂ ಇತ್ತಾ?"

ಇಲ್ಲ ಎಂದರೆ ಮಗು ಅಳುತ್ತದೆ, ಬೋನಿನ ಗುಟ್ಟು ಬೀದಿಗೆ ಬೀಳುತ್ತದೆ, ಕಾಯಂ ಆದೇಶ ಕಸದ ಬುಟ್ಟಿ ಸೇರುತ್ತದೆ. ಇತ್ತು ಎಂದರೆ ಒಂದು ಸುಳ್ಳು. ಚೀಟಪ್ಪ ಎರಡನ್ನೂ ತೂಗಿ ನೋಡಿ, "ಇತ್ತಮ್ಮ" ಎಂದ.

"ಹಾಗಾದರೆ ಆಧಾರ ತೋರಿಸಿ" ಎಂದ ಅಪ್ಪ.

"ಆ ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು. ನೀವು ಮುಂದಿನ ವಾರ..."

ಅಷ್ಟಕ್ಕೆ ಮಾತು ಮುಗಿಯುತ್ತಿತ್ತೋ ಏನೋ. ಆದರೆ ಪಕ್ಕದ ಮೇಜಿನಲ್ಲಿ ವ್ಯಾಕರಣದವರು ಕೂತಿದ್ದರು. ಯಾರಾದರೂ ಯಾರನ್ನಾದರೂ ಏನಾದರೂ ಕೇಳಿದರೆ, ತಾವು ಉತ್ತರ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಬಂದರು.

"ಯಾವ ಪದ? ಸುಯಿಲೆನಾ? ಅದರಲ್ಲೇನಿದೆ ಕಷ್ಟ. ಧಾತು 'ಸುಯ್'. ಉಸಿರು ಬಿಡು ಅಂತ ಅರ್ಥ. ನೀರು ಉಸಿರು ಬಿಟ್ಟಾಗ ಏಳೋದು ಸುಯಿಲೆ. ಅಪ್ಪಟ ಹಳೆಯ ಪದ. ನೋಡಿದ ತಕ್ಷಣ ಗೊತ್ತಾಗುತ್ತೆ."

ಚೀಟಪ್ಪ ಬೆಪ್ಪಾಗಿ ಅವರನ್ನೇ ನೋಡಿದ. ಆ 'ಸು' ಬಂದಿದ್ದು ಸುಣ್ಣ ಎಂಬ ಚೀಟಿಯಿಂದ.

"ಸಾರ್, ನಿಮಗೆ ಖಚಿತವಾಗಿ ಗೊತ್ತಾ?" ಎಂದು ಮೆಲ್ಲಗೆ ಕೇಳಿದ.

"ಮೂವತ್ತು ವರ್ಷದಿಂದ ಇದನ್ನೇ ಮಾಡ್ತಾ ಇರೋನನ್ನ ಖಚಿತವಾ ಅಂತ ಕೇಳ್ತೀಯಲ್ಲಯ್ಯ" ಎಂದು ವ್ಯಾಕರಣದವರು ಮುಖ ಸಿಂಡರಿಸಿದರು.

ಟೈಪಿಸ್ಟ್ ಅಕ್ಕ ಬೆರಳು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ವ್ಯಾಕರಣದವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. "ಧಾತು ಗೀತು ಯಾಕೆ ಬೇಕು?" ಎಂದಳು. "ನಮ್ಮ ಸೋದರತ್ತೆ ಊರಲ್ಲಿ ದಿನಾ ಆಡೋ ಮಾತು ಅದು. 'ಸುಯಿಲೆ ಎದ್ದಿತು, ಇನ್ನೂ ಮಲಗಿದೀಯಾ' ಅಂತ ಸೊಸೆಯಂದಿರನ್ನ ಬೈತಾರೆ. ನಾನೇ ಕಿವಿಯಾರೆ ಕೇಳಿದೀನಿ."

"ಅಕ್ಕಾ, ಯಾವಾಗ ಕೇಳಿದ್ರಿ?"

"ಯಾವಾಗ ಅಂದ್ರೆ? ಬೈಗುಳಕ್ಕೆ ತಾರೀಖು ಬರೆದಿಟ್ಕೊಳ್ತಾರಾ?"

ಹುಡುಗಿಯ ಮುಖ ಅರಳಿತು. ಸೊಸೆಯಂದಿರನ್ನು ಎಬ್ಬಿಸುವ ಹೆಸರು ತನ್ನದು ಎಂದು ಅವಳಿಗೆ ಖುಷಿಯಾಗಿತ್ತು. ಆ ಮುಖ ನೋಡಿ ಚೀಟಪ್ಪನಿಗೆ ತಡೆಯುವ ಮನಸ್ಸೂ ಬರಲಿಲ್ಲ.

ಮೂಲೆಯಿಂದ ಪ್ರೂಫ್ ತಾತ ಕೆಮ್ಮಿದರು. ಎಪ್ಪತ್ತು ದಾಟಿದ ಅವರನ್ನು ಕಚೇರಿಯಲ್ಲಿ ಎಲ್ಲರೂ ಮುದ್ರಣದ ಕಾಲದ ಮೊದಲಿನವರು ಎಂದೇ ಗೌರವಿಸುತ್ತಿದ್ದರು. ಕಿರಿಯರಿಬ್ಬರು ಮಾತಾಡಿದ ಮೇಲೆ ತಾವು ಸುಮ್ಮನಿದ್ದರೆ ಮರ್ಯಾದೆಯಲ್ಲ ಎಂದು ಅವರಿಗೆ ಅನ್ನಿಸಿರಬೇಕು.

"ನಾನು ಆ ಪದವನ್ನ ಕಾವ್ಯದಲ್ಲೇ ನೋಡಿದೀನಿ" ಎಂದರು. "ಬಹಳ ಹಳೆಯ ಕೈಬರಹದ ಪುಸ್ತಕ. ಮೊದಲ ಹತ್ತು ಹಾಳೆ ಇರಲಿಲ್ಲ. ಕೊನೇ ಹತ್ತು ಹಾಳೆನೂ ಇರಲಿಲ್ಲ."

"ನಡುವೆ?" ಎಂದ ಅಪ್ಪ.

"ನಡುವೆ ಈ ಪದ ಇತ್ತು. ರಾಜಕುಮಾರಿ ಒಬ್ಬಳು ಕೊಳದ ಹತ್ತಿರ ಕೂತು ಅಳ್ತಾ ಇರ್ತಾಳೆ. ಆಗ ಸುಯಿಲೆ ಏಳುತ್ತೆ. ಅವಳು ಅಳು ನಿಲ್ಲಿಸ್ತಾಳೆ. ಹನ್ನೊಂದನೇ ಪದ್ಯ."

"ಆಮೇಲೆ?" ಎಂದಳು ಹುಡುಗಿ.

"ಆಮೇಲಿನ ಹಾಳೆ ಇಲಿ ತಿಂದಿತ್ತು ಪುಟ್ಟಿ."

ಚೀಟಪ್ಪ ಎದ್ದು ಹೋಗಿ ಹೂಜಿಯಿಂದ ಎರಡು ಲೋಟ ನೀರು ಕುಡಿದು ಬಂದ. ಅರ್ಧ ಗಂಟೆಯಲ್ಲಿ ಅವನ ಪದಕ್ಕೆ ಬೇರು ಬಂದಿತ್ತು, ಊರು ಬಂದಿತ್ತು, ಒಬ್ಬ ರಾಜಕುಮಾರಿಯೂ ಬಂದಿದ್ದಳು. ಹೀಗೇ ಇನ್ನರ್ಧ ಗಂಟೆ ಬಿಟ್ಟರೆ ಅವಳಿಗೆ ಮದುವೆಯನ್ನೂ ಮಾಡಿಬಿಡುತ್ತಾರೆ ಎನ್ನಿಸಿತು. ಇವರಲ್ಲಿ ಒಬ್ಬರಾದರೂ 'ನನಗೆ ಗೊತ್ತಿಲ್ಲ' ಎನ್ನಬಾರದೇ ಎಂದು ಅವನಿಗೆ ಸಿಟ್ಟೂ ಬಂತು. ತಾನೇ ಹಾಗೆ ಹೇಳಿರಲಿಲ್ಲ ಎಂಬುದು ನೆನಪಾಗಿ ಸಿಟ್ಟು ಇಳಿಯಿತು.

"ಬಹಳ ಉಪಕಾರ ಆಯ್ತು" ಎಂದ ಅಪ್ಪ. "ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಟ್ಟರೆ ಸಾಕು. ಬಾಯಿಮಾತನ್ನ ಶಾಲೆಯವರು ನಂಬಲ್ಲ."

"ಕಾಗದ ಕೊಡೋಕೆ ಸಂಪಾದಕರು ಇರಬೇಕು" ಎಂದ ಚೀಟಪ್ಪ. ಇದೊಂದು ಬಾಗಿಲು ಅವನಿಗೆ ಕಂಡಿತ್ತು.

"ಅದಕ್ಕೆ ನೀನಿದೀಯಲ್ಲ" ಎಂದು ವ್ಯಾಕರಣದವರು ಆ ಬಾಗಿಲು ಹಾಕಿದರು. "ಇವತ್ತು ಕಚೇರಿ ನಿನ್ನ ಜವಾಬ್ದಾರಿ ಅಂತ ಎಲ್ಲರೆದುರಿಗೇ ಹೇಳಿ ಹೋಗಿದಾರೆ. ಪಾಪ, ಮಗುವಿನ ಹೆಸರಿನ ಪ್ರಶ್ನೆ. ಒಂದು ಕಾಗದ ಕೊಡೋಕೆ ಸಾಯ್ತೀಯಲ್ಲ."

ಅಕ್ಕ ಆಗಲೇ ಯಂತ್ರಕ್ಕೆ ಹಾಳೆ ಏರಿಸಿದ್ದಳು. ವ್ಯಾಕರಣದವರು ಹೇಳುತ್ತಾ ಹೋದರು, ಅವಳು ಬಡಿಯುತ್ತಾ ಹೋದಳು. ಮಗುವಿನ ಅಪ್ಪ ಅಕ್ಕನ ಭುಜದ ಹಿಂದೆ ನಿಂತು ಒಂದೊಂದು ಸಾಲನ್ನೂ ಓದಿದ. 'ಇದ್ದಿರಬಹುದು' ಎಂದಿದ್ದಲ್ಲಿ 'ಇದೆ' ಎಂದು ಹಾಕಿಸಿದ. 'ಈ ಪದವನ್ನು ನಮ್ಮ ಕಚೇರಿ ಸೃಷ್ಟಿಸಿದ್ದಲ್ಲ, ಇದು ಪ್ರಾಚೀನ ಕಾಲದಿಂದ ಎಲ್ಲರ ಬಳಕೆಯಲ್ಲಿದ್ದ ಪದ' ಎಂಬ ಸಾಲನ್ನು ತಾನೇ ಹೇಳಿ ಸೇರಿಸಿದ. ತಾರೀಖನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿದ. ಶಾಲೆಯ ಕಾಗದಕ್ಕೆ ಇಷ್ಟು ಮುತುವರ್ಜಿ ವಹಿಸುವ ಅಪ್ಪನನ್ನು ಚೀಟಪ್ಪ ಹಿಂದೆ ಕಂಡಿರಲಿಲ್ಲ. ಒಳ್ಳೆಯ ಮನುಷ್ಯ ಎಂದುಕೊಂಡ.

ಸಹಿಯ ಹೊತ್ತಿಗೆ ಮೂವರೂ ಒಂದೊಂದು ಹೆಜ್ಜೆ ಹಿಂದೆ ಸರಿದರು.

"ನಾನು ಧಾತು ಹೇಳಿದೀನಿ, ಅಷ್ಟೇ. ಪದ ನಿಂದು" ಎಂದರು ವ್ಯಾಕರಣದವರು.

"ನಾನು ಟೈಪ್ ಮಾಡಿದೋಳು. ಟೈಪ್ ಮಾಡಿದೋರು ಸಹಿ ಹಾಕೋ ಪದ್ಧತಿ ಇಲ್ಲ" ಎಂದಳು ಅಕ್ಕ.

"ನಂಗೆ ಕಣ್ಣು ಸರಿಯಾಗಿ ಕಾಣಲ್ಲ ಕಣಪ್ಪ" ಎಂದರು ಕಚೇರಿಯ ಅಷ್ಟೂ ಪುಟಗಳ ತಪ್ಪು ತಿದ್ದುತ್ತಿದ್ದ ತಾತ.

ಹುಡುಗಿ ಮೇಜಿನ ಅಂಚಿಗೆ ಗಲ್ಲ ಊರಿ ಅವನ ಲೇಖನಿಯನ್ನೇ ನೋಡುತ್ತಿದ್ದಳು. ಚೀಟಪ್ಪ ಸಹಿ ಹಾಕಿದ. ಅಕ್ಕ ಸಂಪಾದಕರ ಡ್ರಾಯರಿನಿಂದ ಮೊಹರು ತಂದು ಟಪ್ಪೆಂದು ಒತ್ತಿದಳು. ಹೋಗುವಾಗ ಹುಡುಗಿ ಮೆಟ್ಟಿಲ ತನಕ ಹೋದವಳು ತಿರುಗಿ ಓಡಿ ಬಂದು, "ಮಾಮ, ಆ ಅಲೆ ಈಗಲೂ ಏಳುತ್ತಾ?" ಎಂದು ಕೇಳಿದಳು.

"ಏಳುತ್ತಮ್ಮ. ನಾನೇ ನೋಡಿದೀನಿ" ಎಂದ ಚೀಟಪ್ಪ. ಆ ಬೆಳಗ್ಗೆ ಆ ಕಚೇರಿಯಲ್ಲಿ ಯಾರಾದರೂ ಆಡಿದ ನಿಜ ಅದೊಂದೇ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅದನ್ನು ನಂಬಿದ್ದರು. ಮಧ್ಯಾಹ್ನದ ಊಟ ಅವನಿಗೆ ಬಹಳ ರುಚಿಸಿತು.

ಸಂಪಾದಕರು ಬಂದಿದ್ದು ಐದು ಗಂಟೆಗೆ. ಯಾವತ್ತೂ ಗಂಟು ಹಾಕಿಕೊಂಡಿರುತ್ತಿದ್ದ ಅವರ ಹುಬ್ಬು ಅಂದು ಸಡಿಲಾಗಿತ್ತು. ಕಂಕುಳಲ್ಲಿ ಹೊಸ ರಟ್ಟಿನ ದಪ್ಪ ಪುಸ್ತಕವಿತ್ತು. ಚೀಟಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಬಿತ್ತು ಕಣಯ್ಯಾ" ಎಂದರು. "ಒಂಬತ್ತು ವರ್ಷದ ಮೇಲೆ ಬೋನಿಗೆ ಇಲಿ ಬಿತ್ತು. ಹೋದ ತಿಂಗಳು ಬಂದಿರೋ ನಿಘಂಟು ಇದು. ನೋಡು."

ಸುಯಿಲೆ. ನಸುಕಿನಲ್ಲಿ, ಗಾಳಿಯಿಲ್ಲದೆಯೂ ಕೊಳದ ನೀರಿನ ಮೇಲೆ ತಾನಾಗಿ ಏಳುವ ಸಣ್ಣ ಅಲೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಇದನ್ನ ಮಾಡಿದವನಿಗೆ ಗುಟ್ಟಾಗಿ ನೋಟಿಸ್ ಕೊಡಿಸಿದ್ದೆ. ಸೋಮವಾರ ಹತ್ತು ಗಂಟೆಗೆ ವಿಚಾರಣೆ. ಇವತ್ತು ಇಡೀ ದಿನ ವಕೀಲರ ಮನೇಲೇ ಇದ್ದೆ. ನೀನೇ ನಮ್ಮ ಸಾಕ್ಷಿ. ಕಟಕಟೆ ಹತ್ತಿ, ಈ ಪದ ಎಲ್ಲೂ ಇಲ್ಲ, ನಾನೇ ಕಟ್ಟಿದ್ದು ಅಂತ ಒಂದು ಮಾತು ಹೇಳಿದರೆ ಮುಗೀತು, ಆತ ಅಂಗಡಿ ಮುಚ್ಚಬೇಕು."

ಚೀಟಪ್ಪನಿಗೆ ಕೂತಿದ್ದ ಕುರ್ಚಿ ಕೆಳಗೆ ಕೆಳಗೆ ಹೋಗುತ್ತಿರುವಂತೆ ಭಾಸವಾಯಿತು. "ಆ ಮನುಷ್ಯ ಹೇಗಿದಾರೆ ಸಾರ್?" ಎಂದ.

"ತೆಳ್ಳಗೆ. ಮೆತ್ತಗೆ ಮಾತಾಡ್ತಾನೆ. ಗಟ್ಟಿಗ. ನಮ್ಮ ಪುಸ್ತಕ ನಕಲು ಮಾಡ್ತಾ ಕೂತಿದ್ದಾಗ ಈ ಪದ ಮನಸ್ಸಿಗೆ ಹಿಡಿದು, ಹುಟ್ಟಿದ ಮಗಳಿಗೂ ಇದೇ ಹೆಸರು ಇಟ್ಟನಂತೆ. ಇಟ್ಟುಕೊಳ್ಳಲಿ. ಈ ಪದ ಹಳೇದು ಅನ್ನೋಕೆ ಅವನ ಹತ್ತಿರ ಒಂದು ತುಂಡು ಕಾಗದ ಇಲ್ಲ."

"ಇದೆ ಸಾರ್" ಎಂದ ಚೀಟಪ್ಪ.

ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಕಚೇರಿಯಲ್ಲಿ ಒಂದು ಪ್ರತಿ ಉಳಿಯುತ್ತಿತ್ತು. ಅವನು ಅದನ್ನು ತಂದು ಮೇಜಿನ ಮೇಲಿಟ್ಟು ಬೆಳಗಿನದೆಲ್ಲ ಹೇಳಿದ. ಸಂಪಾದಕರು ಕಾಗದವನ್ನು ಒಮ್ಮೆ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ಬಾಗಿಲು ತೆಗೆದು ಮೂವರನ್ನೂ ಒಳಗೆ ಕರೆದರು.

"ಸುಯಿಲೆ ಅನ್ನೋ ಪದ ಇಲ್ಲ ಅಂತ ಈ ಮನುಷ್ಯ ಹೇಳ್ತಾ ಇದಾನೆ. ಅವನೇ ಕಟ್ಟಿದ್ದಂತೆ. ನೀವು ಹಾಗೆ ಬರೆದುಕೊಟ್ಟರೆ ಬೆಳಗಿನ ಕಾಗದ ಕೈತಪ್ಪಿ ಹೋಯ್ತು ಅಂತ ಹೇಳಬಹುದು. ಕೊಡ್ತೀರಾ?"

ಬೋನಿನ ವಿಷಯ ತಿಳಿಯದ ಮೂವರೂ ಚೀಟಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಹೌದು ಎಂದರೆ ಬೆಳಗ್ಗೆ ತಾವು ಆಡಿದ್ದು ಹಸಿ ಸುಳ್ಳು ಎಂದು ಒಪ್ಪಿಕೊಂಡ ಹಾಗೆ.

"ಇವನು ಕಟ್ಟೋದಾ?" ಎಂದರು ವ್ಯಾಕರಣದವರು. "ಧಾತು ಅಷ್ಟು ಸ್ಪಷ್ಟವಾಗಿ ಕಾಣ್ತಾ ಇದೆ. ನನ್ನ ಮೂವತ್ತು ವರ್ಷದ ಮೇಲಾಣೆ, ಇದು ಸಾವಿರ ವರ್ಷದ ಪದ."

"ಇವನು ಕಟ್ಟಿದ್ದು ನಮ್ಮ ಸೋದರತ್ತೆ ಬಾಯಿಗೆ ಹೇಗೆ ಹೋಗುತ್ತೆ?" ಎಂದಳು ಅಕ್ಕ.

ಪ್ರೂಫ್ ತಾತ ಸೂರಿನ ಕಡೆ ನೋಡುತ್ತಾ, "ಹನ್ನೊಂದನೇ ಪದ್ಯ" ಎಂದರು. ಬೆಳಗ್ಗೆಯಿಂದ ಸಂಜೆಯೊಳಗೆ ಅವರು ಅದನ್ನು ಸ್ವತಃ ನಂಬಿಬಿಟ್ಟಿದ್ದರು. ಕಣ್ಣಲ್ಲಿ ನೀರೂ ಇತ್ತು.

"ಇಲ್ಲ ಸಾರ್, ನಾನೇ ಕಟ್ಟಿದ್ದು. ಮೂರು ಚೀಟಿ ಎತ್ತಿ..." ಎಂದ ಚೀಟಪ್ಪ.

"ಹಾಗಂತ ನೀನು ಸಹಿ ಹಾಕಿದ ಕಾಗದದಲ್ಲಿ ಇಲ್ಲವಲ್ಲ" ಎಂದರು ಸಂಪಾದಕರು. ಮೂವರನ್ನೂ ಹೊರಗೆ ಕಳಿಸಿ, ಕಿಟಕಿಯ ಹತ್ತಿರ ಹೋಗಿ ಕಾಗದವನ್ನು ಮೂರನೆಯ ಸಲ ಓದಿದರು. ತಿರುಗಿದಾಗ ಅವರ ಮುಖದಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು.

"ನಾನು ನಿನ್ನನ್ನ ನಂಬಿದ್ದೆ. ಇಲ್ಲದ ಪದ ತಾ ಅಂದಿದ್ದೆ. ನೀನು ಎಲ್ಲೋ ಇದ್ದ ಹಳೇ ಪದ ತಂದುಕೊಟ್ಟು, ಸ್ವಂತ ಕಟ್ಟಿದೆ ಅಂತ ಒಂಬತ್ತು ವರ್ಷ ನನಗೆ ಟೋಪಿ ಹಾಕಿದೀಯ."

"ಸಾರ್, ಅವರು ಮೂರು ಜನ ಸುಳ್ಳು..."

"ಧಾತು ಹೇಳಿದೋರು ಸುಳ್ಳು, ಕಿವಿಯಾರೆ ಕೇಳಿದೋಳು ಸುಳ್ಳು, ಕಣ್ಣಾರೆ ಓದಿದೋರು ಸುಳ್ಳು, ನೀನೊಬ್ಬ ಹರಿಶ್ಚಂದ್ರ, ಅಲ್ವಾ? ನಿನಗೆ ಇಂಥ ಪದ ಕಟ್ಟೋ ಶಕ್ತಿ ಇದ್ದಿದ್ದರೆ ಇಲ್ಲಿ ಚೀಟಿ ಯಾಕೆ ಬರೀತಾ ಇದ್ದೆ?"

ಈ ಮಾತು ಚೀಟಪ್ಪನಿಗೆ ನಾಟಿತು. ನೌಕರಿ ಹೋಗುವುದಕ್ಕಿಂತ, ತನ್ನದೆಂಬ ಒಂದೇ ಒಂದು ಪದವನ್ನು ಕಣ್ಣೆದುರಿಗೇ ಸಾವಿರ ವರ್ಷ ಹಿಂದಿನ ಯಾರೋ ಎತ್ತಿಕೊಂಡು ಹೋದದ್ದು ಅವನನ್ನು ಹೆಚ್ಚು ನೋಯಿಸಿತು.

ಸಂಪಾದಕರು ಮೇಜಿನ ಮೇಲಿದ್ದ ಕಾಯಂ ಆದೇಶವನ್ನು ಎತ್ತಿಕೊಂಡರು. ಹರಿಯುತ್ತಾರೆ ಎಂದುಕೊಂಡ. ಹರಿಯಲಿಲ್ಲ. ಅವರು ಕೆಟ್ಟವರಲ್ಲ. ಅದನ್ನು ಮಡಿಸಿ ನಿಘಂಟಿನ ಒಂಬೈನೂರ ಹನ್ನೆರಡನೆಯ ಪುಟದೊಳಗೆ ಇಟ್ಟರು.

"ನಿನ್ನನ್ನ ಕೆಲಸದಿಂದ ತೆಗೆಯಲ್ಲ" ಎಂದರು. "ದಾವೆ ವಾಪಸು ತಗೋತೀನಿ. ಆದರೆ ಹೊಸ ಮುದ್ರಣದಲ್ಲಿ ಬರೀ 'ಪ್ರಾಚೀನ' ಅಂತ ಇದ್ದರೆ ನಾಚಿಕೆಗೇಡು. ಆ ಕಾವ್ಯ ಹುಡುಕು. ಹನ್ನೊಂದನೇ ಪದ್ಯ ಬರೆದು ತಂದು ಇಲ್ಲಿ ಆಧಾರ ಹಾಕು. ಅದು ಸಿಕ್ಕಿದ ದಿನವೇ ನಿನ್ನ ಆದೇಶಕ್ಕೆ ಸಹಿ ಹಾಕ್ತೀನಿ."